ಸಂಘದ ಕಾಗದಪತ್ರಕ್ಕೆ ಗೂಗಲ್ ಡ್ರೈವ್: ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮದು ನಲವತ್ತು ಜನರ ಹವ್ಯಾಸಿ ನಾಟಕ ಸಂಘ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದೆ ಅನ್ನೋದು ಬಿಟ್ಟರೆ ಆಫೀಸೂ ಇಲ್ಲ, ಬೀರೂ ಇಲ್ಲ. ಬೈಲಾ, ನಡಾವಳಿ ಪುಸ್ತಕ, ವೋಚರು ಎಲ್ಲಾ ಒಂದು ಟ್ರಂಕಿನಲ್ಲಿ, ಕಾರ್ಯದರ್ಶಿ ಮನೆಯ ಅಟ್ಟದ ಮೇಲೆ. ಕಾರ್ಯದರ್ಶಿ ಬದಲಾದರೆ ಟ್ರಂಕೂ ಆಟೋ ಹತ್ತುತ್ತಿತ್ತು. ಗೂಗಲ್ ಡ್ರೈವ್ ಹಿಡಿದದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಎಲ್ಲರ ಫೋನಿನಲ್ಲೂ ಅದು ಆಗಲೇ ಇತ್ತು, ಅಷ್ಟೇ.

ಮೊದಲ ವರ್ಷವೇ ಎಡವಿದೆವು, ತಪ್ಪು ನಮ್ಮದೇ. ಖಜಾಂಚಿಗಳು ವೋಚರುಗಳ ಫೋಟೋಗಳನ್ನು ತಮ್ಮ ಸ್ವಂತ ಜಿಮೇಲ್‌ನಿಂದ ನಮ್ಮ ಫೋಲ್ಡರಿಗೆ ಹಾಕಿದ್ದರು. ಅವರ ಜಾಗ ತುಂಬಿತು. ‘ಹಳೇದೆಲ್ಲ ಯಾಕೆ’ ಅಂತ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು. ನಮ್ಮ ಫೋಲ್ಡರಿನಲ್ಲೂ ಮಾಯ! ಫೋಲ್ಡರ್ ಯಾರದ್ದೇ ಇರಲಿ, ಫೈಲು ಅಪ್‌ಲೋಡ್ ಮಾಡಿದವರದ್ದು. ಇದು ಆಗ ನಮಗೆ ಗೊತ್ತಿರಲಿಲ್ಲ. ಟ್ರಂಕು ಇಳಿಸಿ, ಇಬ್ಬರು ಕೂತು ಒಂದು ಭಾನುವಾರ ಪೂರ್ತಿ ಮತ್ತೆ ಸ್ಕ್ಯಾನ್ ಮಾಡಿದೆವು.

ಆಮೇಲೆ ಸಂಘದ ಹೆಸರಲ್ಲೇ ಒಂದು ಜಿಮೇಲ್ ತೆರೆದೆವು. ಅಪ್‌ಲೋಡ್ ಮಾಡೋದು ಅದರಿಂದ ಮಾತ್ರ, ಉಳಿದವರು ಸುಮ್ನೆ ನೋಡಬಹುದು. ಪಾಸ್‌ವರ್ಡ್ ಇಬ್ಬರ ಹತ್ತಿರ ಇದೆ. ಲಾಗಿನ್ ಕೋಡ್ ಬರೋದಕ್ಕೂ ಎರಡು ನಂಬರ್ ಕೊಟ್ಟಿದ್ದೇವೆ. ಸದಸ್ಯರ ಪಟ್ಟಿಯನ್ನು ‘ಲಿಂಕ್ ಇರುವ ಯಾರಾದರೂ’ ಅಂತ ಬಿಡಬೇಡಿ, ಫೋನ್ ನಂಬರುಗಳಿರುತ್ತವೆ ಅಲ್ವಾ.

ಉಚಿತವಾಗಿ ಸಿಗೋದು 15 ಜಿಬಿ, ಮೇಲ್ ಮತ್ತು ಫೋಟೋ ಎಲ್ಲಾ ಸೇರಿ. ಕಾಗದಪತ್ರಕ್ಕೆ ಧಾರಾಳ ಸಾಕು. ನಾಟಕದ ವಿಡಿಯೋ ಮಾತ್ರ ಹಾಕಬೇಡಿ. ನಾವು ಅದಕ್ಕೆ ಬೇರೆ ಹಾರ್ಡ್ ಡಿಸ್ಕ್ ಇಟ್ಟಿದ್ದೇವೆ.

ಕನ್ನಡದವರಿಗೆ ಇನ್ನೊಂದು ತಲೆನೋವಿದೆ. ನಮ್ಮ ಬೈಲಾ ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಆಗಿತ್ತು. ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ನುಡಿ ಇರುವ ಡಿಟಿಪಿ ಅಂಗಡಿಗೆ ಹೋಗಿ ಪಿಡಿಎಫ್ ಮಾಡಿಸಿ ಹಾಕಿದೆವು. ಹೊಸದನ್ನೆಲ್ಲ ಎಲ್ಲಾ ಫೋನಿನಲ್ಲೂ ಓದಲು ಬರುವ ಯುನಿಕೋಡ್‌ನಲ್ಲೇ ಟೈಪ್ ಮಾಡುತ್ತೇವೆ. ಈಗ ‘ಠರಾವು’ ಅಂತ ಹುಡುಕಿದರೆ ಸಿಗುತ್ತದೆ.

ನೋಂದಣಿಯಾದ ಲಾಭರಹಿತ ಸಂಸ್ಥೆಗಳು ಅರ್ಜಿ ಹಾಕಿದರೆ, ಮೇಲ್, ಡ್ರೈವ್ ಎಲ್ಲಾ ಸಂಸ್ಥೆಯ ಹೆಸರಲ್ಲೇ ಸಿಗುವ ಗೂಗಲ್ ವರ್ಕ್‌ಸ್ಪೇಸ್ ಉಚಿತವಾಗಿ ಪಡೆಯಬಹುದು. ಅದರ ಶೇರ್ಡ್ ಡ್ರೈವ್‌ನಲ್ಲಿ ಫೈಲು ಸಂಸ್ಥೆಯದ್ದೇ ಆಗುತ್ತದೆ, ನಮ್ಮ ಖಜಾಂಚಿ ಕಥೆ ಅಲ್ಲಿ ನಡೆಯುತ್ತಿರಲಿಲ್ಲ. ಆದರೆ ಸ್ವಂತ ಡೊಮೇನ್, ಅಂದರೆ ಸಂಘದ್ದೇ ಆದ ವೆಬ್ ವಿಳಾಸ ಬೇಕು. ವರ್ಷಾ ವರ್ಷ ಅದಕ್ಕೆ ದುಡ್ಡು ಕಟ್ಟೋರು ಯಾರು ಅನ್ನೋ ಚರ್ಚೆ ಎರಡು ಮಹಾಸಭೆ ದಾಟಿದೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಟ್ರಂಕು ಇನ್ನೂ ಅಟ್ಟದ ಮೇಲೇ ಇದೆ. ಸಹಿ ಇರುವ ಮೂಲ ವೋಚರನ್ನೇ ನಮ್ಮ ಆಡಿಟರ್ ಕೇಳುತ್ತಾರೆ.