ಅಡಿಕೆ ತೋಟಕ್ಕೆ ಯಾವ ಕಳೆ ಮಿಷನ್? ಹೆಗಲಿಗೆ ಹಾಕಿ ನೋಡಿದ ಮೇಲಿನ ಲೆಕ್ಕ

ಕಳೆ ಹೊಡೆಯುವ ಮಿಷನ್ ಕೊಳ್ಳಲು ಅಂಗಡಿಗೆ ಹೋದವರು ಮೊದಲು ಕೇಳುವುದು "ಎಷ್ಟು ಸಿಸಿ?" ಎಂದು, ಅಂದರೆ ಎಂಜಿನ್ ಸಿಲಿಂಡರ್‌ನ ಗಾತ್ರ ಎಷ್ಟು ಎಂದು. ಅಂಗಡಿಯವರೂ ಅದನ್ನೇ ದೊಡ್ಡದಾಗಿ ಹೇಳಿ ಮಾರುತ್ತಾರೆ. ಬೇರೆ ಬೇರೆ ಬಗೆಯ ಮಿಷನ್‌ಗಳನ್ನು ನಮ್ಮ ತೋಟದಲ್ಲೂ ನೆಂಟರ ತೋಟದಲ್ಲೂ ಓಡಿಸಿ ನೋಡಿದ ಮೇಲೆ ನನಗೆ ಅನ್ನಿಸಿರುವುದು, ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ತೋಟ ಎಷ್ಟು ಇಳಿಜಾರು, ಮಿಷನ್ ಹಿಡಿಯುವವರು ಯಾರು, ಅದರ ತುದಿಗೆ ಹುಲ್ಲು ಹೊಡೆಯುವ ನೈಲಾನ್ ದಾರ ಕಟ್ಟುತ್ತೀರೋ ಬ್ಲೇಡ್ ಹಾಕುತ್ತೀರೋ, ಕೆಟ್ಟರೆ ಹತ್ತಿರದಲ್ಲಿ ರಿಪೇರಿ ಮಾಡುವವರು ಇದ್ದಾರೋ ಇಲ್ಲವೋ, ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಮಿಷನ್ ಅರ್ಧ ಆರಿಸಿದ ಹಾಗೆಯೇ.

ನಮ್ಮದು ಸಾಗರ ತಾಲ್ಲೂಕಿನ ಕಣಿವೆ ತೋಟ. ಎರಡು ಎಕರೆ ಚಿಲ್ಲರೆ. ಅಡಿಕೆ ಮರದಿಂದ ಮರಕ್ಕೆ ಒಂಬತ್ತು ಅಡಿ, ನಡುನಡುವೆ ಬಾಳೆ, ಏಲಕ್ಕಿ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಸಾಲುಗಳ ಮಧ್ಯೆ ಬಸಿಗಾಲುವೆ. ವರ್ಷಕ್ಕೆ ಎರಡು ಸಲ ಕಳೆ ಹೊಡೆಯಲೇಬೇಕು. ಶ್ರಾವಣದಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಒಂದು ಸಲ, ಅಡಿಕೆ ಗೊನೆ ಕೊಯ್ಲಿಗೆ ಮುಂಚೆ ಇನ್ನೊಂದು ಸಲ. ಎರಡನೆಯದನ್ನು ಬಿಟ್ಟರೆ ಉದುರಿದ ಅಡಿಕೆ ಹುಲ್ಲಿನೊಳಗೆ ಸೇರಿಕೊಂಡು ಹೆಕ್ಕುವವರ ಕೈಗೆ ಸಿಗುವುದಿಲ್ಲ. ಈ ಬರಹದ ಮಾತೆಲ್ಲ ಇಂಥ ತೋಟಕ್ಕೆ ಸಂಬಂಧಿಸಿದ್ದು. ಚನ್ನಗಿರಿ, ದಾವಣಗೆರೆ ಕಡೆಯ ಸಪಾಟು ತೋಟದವರಿಗೆ ಸಣ್ಣ ಟ್ರ್ಯಾಕ್ಟರ್ ಹಿಂದೆ ಕಟ್ಟುವ ಸ್ಲ್ಯಾಶರ್‌ನಂಥ ಬೇರೆ ದಾರಿಗಳಿವೆ.

ಮೊದಲು ಬಂದದ್ದು ಅಗ್ಗದ ಟೂ ಸ್ಟ್ರೋಕ್. ಮೈಮೇಲೆ 52 ಸಿಸಿ ಎಂದು ಬರೆದಿತ್ತು, ಬೆಲೆ ಹತ್ತು ಸಾವಿರದ ಆಸುಪಾಸು. ಡಬ್ಬಿಯಲ್ಲಿ ಬ್ಲೇಡ್, ದಾರದ ಹೆಡ್, ಬೆಲ್ಟ್, ಪಾನಾ ಎಲ್ಲವೂ ಇದ್ದವು. ಮೊದಲ ಹಂಗಾಮು ಚೆನ್ನಾಗಿಯೇ ಓಡಿತು, ಕಮ್ಯುನಿಸ್ಟ್ ಗಿಡ ಎನ್ನುವ ದಪ್ಪ ಕಾಂಡದ ಕಳೆಯನ್ನೂ ಹೊಡೆದು ಹಾಕಿತು. ತೊಂದರೆ ಇದ್ದದ್ದು ನಡುಕದಲ್ಲಿ. ಅರ್ಧ ದಿನ ಹಿಡಿದವನಿಗೆ ಸಂಜೆ ಚಹಾ ಲೋಟ ಹಿಡಿಯುವಾಗಲೂ ಬೆರಳು ಜುಮ್ಮೆನ್ನುತ್ತಿತ್ತು. ಎರಡನೇ ಹಂಗಾಮಿನಲ್ಲಿ ಸ್ಟಾರ್ಟರ್ ಹಗ್ಗ ಎಳೆದರೆ ಸ್ಟಾರ್ಟ್ ಆಗಲು ಹಟ, ಆದರೂ ಬಿಸಿಯಾದ ಮೇಲೆ ನಿಂತುಹೋಗುವುದು. ಕಾರ್ಬ್ಯುರೇಟರ್ ತರಿಸಲು ಹೋದರೆ ಅಂಗಡಿಯವರು ಆ ಹೆಸರಿನ ಮಿಷನ್ ತರುವುದನ್ನೇ ನಿಲ್ಲಿಸಿದ್ದರು. ಬೇರೆ ಕಂಪನಿಯದನ್ನು ಹೊಂದಿಸಿ ನಡೆಸಿದೆವು. ಅರ್ಧ ಎಕರೆ ತೋಟ, ವರ್ಷಕ್ಕೆ ನಾಲ್ಕಾರು ದಿನದ ಕೆಲಸ, ತಾವೇ ಬಿಚ್ಚಿ ಜೋಡಿಸುವ ಕೈ ಇದೆ ಎನ್ನುವವರಿಗೆ ಇದೂ ಸಾಕು. ಹತ್ತು ಸಾವಿರಕ್ಕೆ ಸಿಗುವ ಕೆಲಸ ಕಡಿಮೆಯದೇನಲ್ಲ.

ಭಾವನ ಮನೆಯಲ್ಲಿ ಇರುವುದು ಸ್ಟಿಲ್ ಕಂಪನಿಯ ಎಫ್‌ಎಸ್ 120. ಅದೂ ಟೂ ಸ್ಟ್ರೋಕೇ, 30.8 ಸಿಸಿ, 1.3 ಕಿಲೋವಾಟ್, ತೂಕ ಆರು ಕಿಲೋ ಚಿಲ್ಲರೆ. ನಮ್ಮ 52 ಸಿಸಿಯ ಪಕ್ಕದಲ್ಲಿ ಇಟ್ಟರೆ ಮರಿಯ ಹಾಗೆ ಕಾಣುತ್ತದೆ. ಒಂದೇ ಸಾಲಿನ ಎರಡು ಪಟ್ಟಿಯನ್ನು ಎರಡರಿಂದಲೂ ಹೊಡೆದು ನೋಡಿದೆವು. ಸಣ್ಣದೇ ಮೊದಲು ಮುಗಿಸಿತು, ಹಿಡಿದವನ ಕೈಯೂ ಹಗುರ. ಆಕ್ಸಿಲರೇಟರ್ ಒತ್ತಿದ ಕೂಡಲೇ ಏರುತ್ತದೆ, ಗಟ್ಟಿ ಕಾಂಡ ಸಿಕ್ಕಾಗ ಕುಸಿಯುವುದಿಲ್ಲ. ಬೆಟ್ಟದ ಅಂಚು, ಲಂಟಾನ ಬೆಳೆದ ಬೇಲಿಸಾಲು, ವರ್ಷಗಟ್ಟಲೆ ಬಿಟ್ಟ ಜಾಗ ಇರುವವರಿಗೆ ನಾನು ಇಂಥದ್ದನ್ನೇ ಹೇಳುವುದು.

ಈಗ ನಮ್ಮ ಮನೆಯಲ್ಲಿರುವುದು ಹೋಂಡಾದ ಜಿಎಕ್ಸ್ 35 ಎಂಜಿನ್‌ನ ಫೋರ್ ಸ್ಟ್ರೋಕ್. 35.8 ಸಿಸಿ, ಸುಮಾರು ಒಂದು ಕಿಲೋವಾಟ್. ಇಲ್ಲೇ ಸಿಸಿಯ ಮಾತು ಬಿದ್ದುಹೋಗುತ್ತದೆ ನೋಡಿ. ಸಿಸಿ ಇದರದ್ದು ಹೆಚ್ಚು, ಬಲ ಭಾವನ ಮಿಷನ್‌ನದ್ದು ಹೆಚ್ಚು. ಟೂ ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಉರಿಯುತ್ತದೆ, ಫೋರ್ ಸ್ಟ್ರೋಕ್ ಎರಡು ಸುತ್ತಿಗೊಮ್ಮೆ. ಹಾಗಾಗಿ ಒಂದರ ಸಿಸಿಯನ್ನು ಇನ್ನೊಂದರ ಸಿಸಿ ಜೊತೆ ತೂಗುವುದರಲ್ಲಿ ಅರ್ಥವೇ ಇಲ್ಲ. ಬಲ ಕಡಿಮೆ ಇದ್ದರೂ ನಾವು ಇದನ್ನೇ ಆರಿಸಿಕೊಂಡದ್ದು ಮೂರು ಕಾರಣಕ್ಕೆ. ನಮ್ಮ ತೋಟದಲ್ಲಿ ಇರುವುದು ಹೆಚ್ಚಾಗಿ ಎಳೆ ಹುಲ್ಲು, ಕೆಸುವಿನ ಗಿಡ, ಮುಟ್ಟಿದರೆ ಮುನಿ. ಅಷ್ಟಕ್ಕೆ ಈ ಬಲ ಧಾರಾಳ. ಹೊಗೆ ಕಡಿಮೆ. ಕಣಿವೆ ತೋಟದಲ್ಲಿ ಗಾಳಿ ಆಡುವುದಿಲ್ಲ, ಟೂ ಸ್ಟ್ರೋಕ್‌ನ ಎಣ್ಣೆ ಹೊಗೆ ಮರದ ಕೆಳಗೇ ನಿಂತು ಹಿಡಿದವನ ಮೂಗಿಗೆ ಬರುತ್ತದೆ. ಮೂರನೆಯದು ಪೆಟ್ರೋಲ್. ನಮ್ಮಲ್ಲಿ ಒಂದು ಲೀಟರ್‌ಗೆ ಒಂದೂವರೆ ಗಂಟೆ ಹತ್ತಿರ ಓಡುತ್ತದೆ. ಹಳೆಯದು ಒಂದು ಗಂಟೆ ಓಡಿದರೆ ಹೆಚ್ಚು.

ಆಯಿಲ್ ಬೆರೆಸುವ ರಗಳೆ ಇಲ್ಲದಿರುವುದನ್ನು ಬೇರೆಯಾಗಿಯೇ ಹೇಳಬೇಕು. ಟೂ ಸ್ಟ್ರೋಕ್‌ಗೆ ಪೆಟ್ರೋಲಿನಲ್ಲಿ ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್‌ಗೆಂದೇ ಬರುವ ಆಯಿಲ್) ಬೆರೆಸಿಯೇ ಹಾಕಬೇಕು. ಒಳ್ಳೆಯ ಆಯಿಲ್ ಆದರೆ 50ಕ್ಕೆ 1, ಅಂದರೆ ಲೀಟರ್‌ಗೆ 20 ಮಿಲಿ. ಅಗ್ಗದ ಮಿಷನ್‌ಗಳಲ್ಲಿ 25ಕ್ಕೆ 1 ಎಂದು ಬರೆದಿರುತ್ತಾರೆ, ಲೀಟರ್‌ಗೆ 40 ಮಿಲಿ. ಅವಸರದಲ್ಲಿ ಯಾರಾದರೂ ಬೈಕಿಗೆ ತಂದಿಟ್ಟ ಬರೀ ಪೆಟ್ರೋಲ್ ಸುರಿದರೆ ಪಿಸ್ಟನ್ ಸೀಜ್ ಆಗಿ ಕಚ್ಚಿಕೊಳ್ಳಲು ಹೆಚ್ಚು ಹೊತ್ತು ಬೇಡ. ಮಿಷನ್ ಮುಟ್ಟುವವರು ಒಬ್ಬರೇ ಆದರೆ ಚಿಂತೆಯಿಲ್ಲ. ನಾಲ್ಕು ಕೈ ಬದಲಾಗುವ ಮನೆಯಾದರೆ ಫೋರ್ ಸ್ಟ್ರೋಕ್ ನೆಮ್ಮದಿ. ಅದಕ್ಕೂ ಒಂದು ಕಟ್ಟುಪಾಡಿದೆ. ಎಂಜಿನ್‌ನೊಳಗೆ ಹಿಡಿಸುವುದೇ 100 ಮಿಲಿ ಆಯಿಲ್. ಆ ಚೂರು ಆಯಿಲನ್ನು ದಿನಾ ಬೆಳಿಗ್ಗೆ ನೋಡಲೇಬೇಕು.

ಬೆನ್ನಿಗೆ ಹಾಕುವ ಮಿಷನ್ ಬಗ್ಗೆ ನಮ್ಮಲ್ಲಿ ಕಳೆ ಹೊಡೆಯಲು ಬರುವ ಹುಡುಗನ ಮಾತೇ ಸರಿ: "ಅಣ್ಣಾ, ಧರೆ ಹತ್ತಿ ಇಳಿಯೋ ಕಡೆ ಬೆನ್ನಿಂದೇ ಬೇಕು. ಬಯಲಲ್ಲಿ ಹೆಗಲಿಂದು ಸಾಕು." ಎಂಜಿನ್ ಬೆನ್ನ ಮೇಲಿದ್ದು ಕೈಯಲ್ಲಿ ಉದ್ದ ಕೋಲು ಮಾತ್ರ ಇರುವುದರಿಂದ ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಮೇಲ್ಭಾಗ, ಕಾಲುವೆಯ ಒಳಬದಿ ಆರಾಮಾಗಿ ಸಿಗುತ್ತದೆ. ಆದರೆ ತೂಕ ಹತ್ತು ಕಿಲೋ ಸಮೀಪ, ಬೆನ್ನಿಗೆ ಸೆಕೆ. ಎಂಜಿನ್‌ನಿಂದ ಕೋಲಿಗೆ ಬರುವ ಬಾಗುವ ಕೇಬಲ್‌ಗೆ ಆಗಾಗ ಗ್ರೀಸ್ ಹಚ್ಚದಿದ್ದರೆ ಅದು ಸವೆದು ತುಂಡಾಗುತ್ತದೆ. ಜಾರಿ ಬಿದ್ದರೆ ಬೆಲ್ಟ್ ಕಳಚಿಕೊಳ್ಳುವುದೂ ಹೆಗಲಿನದರಷ್ಟು ಸಲೀಸಲ್ಲ. ಎತ್ತರದ ಧರೆಗಳೇ ಹೆಚ್ಚಿರುವ ಶೃಂಗೇರಿ, ಕೊಪ್ಪ ಕಡೆಯವರು ಇದನ್ನು ಯೋಚಿಸಬಹುದು.

ಎಂಜಿನ್ ಬಗ್ಗೆ ಇಷ್ಟು ಹೇಳಿದರೂ ಕೆಲಸದ ಹದ ನಿಂತಿರುವುದು ತುದಿಯಲ್ಲಿ ಏನಿದೆ ಎನ್ನುವುದರ ಮೇಲೆ. ತೋಟದೊಳಗೆ ನಾನು ನೈಲಾನ್ ದಾರ ಬಿಟ್ಟು ಬೇರೇನೂ ಹಾಕಿಸುವುದಿಲ್ಲ. ಮೂರು ಹಲ್ಲಿನ ಬ್ಲೇಡ್ ಒಂದು ಕ್ಷಣ ಆಚೀಚೆ ಆದರೆ ಕಾಳುಮೆಣಸಿನ ಬಳ್ಳಿಯ ಬುಡವೇ ಹೋಯಿತು. ಮೇಲೆ ಹತ್ತು ವರ್ಷದ ಬಳ್ಳಿ ಹಸಿರಾಗಿಯೇ ಇರುತ್ತದೆ, ವಾರ ಕಳೆದ ಮೇಲೆ ಬಾಡಿದಾಗಲೇ ಗೊತ್ತಾಗುವುದು. ಹಾಗೆಂದು ದಾರವೂ ಸಾಧುವಲ್ಲ. ಎಳೆ ಅಡಿಕೆ ಸಸಿಯ ಸುತ್ತ, ಬಳ್ಳಿ ಬುಡದ ಸುತ್ತ ಒಂದು ಮೊಳ ಜಾಗವನ್ನು ಕತ್ತಿಯಲ್ಲೇ ಬಿಡಿಸಿ, ಆಮೇಲೆ ಮಿಷನ್ ಒಳಗೆ ಬಿಡಬೇಕು. ಡ್ರಿಪ್ ಪೈಪ್ ಇದ್ದವರು ಅದನ್ನು ಮರದ ಬುಡಕ್ಕೆ ಸರಿಸಿಕೊಳ್ಳಿ. ಹುಲ್ಲಿನೊಳಗೆ ಅಡಗಿದ ಮೈಕ್ರೋಟ್ಯೂಬ್ ದಾರಕ್ಕೆ ಲೆಕ್ಕವೇ ಅಲ್ಲ.

ದಾರದಲ್ಲೂ ಆಯ್ಕೆ ಇದೆ. 2.4 ಮಿಲಿಮೀಟರ್ ದಾರ ಎಳೆ ಹುಲ್ಲಿಗೆ ಸಾಕು, ಪೆಟ್ರೋಲೂ ಕಡಿಮೆ ಕೇಳುತ್ತದೆ. ಬಲಿತ ಕಳೆಗೆ 3 ಮಿಲಿಮೀಟರ್ ಬೇಕು, ಆದರೆ ಸಣ್ಣ ಎಂಜಿನ್‌ಗೆ ಅದನ್ನು ತಿರುಗಿಸುವುದೇ ಭಾರ. ಬೇಸಿಗೆಯಿಡೀ ಅಟ್ಟದ ಮೇಲಿದ್ದ ದಾರ ಒಣಗಿ ಪಟಪಟನೆ ಮುರಿಯುತ್ತದೆ. ಹಿಂದಿನ ರಾತ್ರಿ ಬಕೆಟ್ ನೀರಿನಲ್ಲಿ ನೆನೆಹಾಕಿಟ್ಟರೆ ಮತ್ತೆ ಮೆದುವಾಗಿ ಬಾಳಿಕೆ ಬರುತ್ತದೆ. ಹಂಬು ಜಾತಿಯ ಕಳೆ ಇದ್ದಲ್ಲಿ ಹೆಡ್‌ನ ಮೇಲ್ಭಾಗದ ಸಂದಿಯಲ್ಲಿ ಅದು ಹುರಿಗಟ್ಟಿದ ಹಾಗೆ ಸುತ್ತಿಕೊಳ್ಳುತ್ತದೆ. ಹಾಗೇ ಎಳೆದಾಡಿದರೆ ಗೇರ್‌ಬಾಕ್ಸ್ ಕಾದು ಒಳಗಿನ ಗ್ರೀಸ್ ಕರಗಿ ಹೊರಗೆ ಬರುತ್ತದೆ. ಎಂಜಿನ್ ನಿಲ್ಲಿಸಿ, ಚಾಕುವಿನಲ್ಲಿ ಕೊಯ್ದು ಬಿಡಿಸಿಯೇ ಮುಂದೆ ಹೋಗಬೇಕು.

ದನ ಸಾಕಿದವರಿಗೆ ಒಂದು ಮಾತು. ದಾರ ಹುಲ್ಲನ್ನು ಕೊಯ್ಯುವುದಿಲ್ಲ, ಚಚ್ಚುತ್ತದೆ. ಮಣ್ಣು ಸಿಡಿದು ಮೆತ್ತಿಕೊಂಡ ಆ ಹುಲ್ಲನ್ನು ನಮ್ಮ ದನ ಮೂಸಿ ನೋಡಿ ಬಿಡುತ್ತವೆ. ಮೇವಿಗೆ ಬೇಕಾದ ಹುಲ್ಲನ್ನು ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಬ್ಲೇಡ್ ಹಾಕಿ ಕೊಯ್ದರೆ ಒಂದೇ ಕಡೆ ಮಲಗುತ್ತದೆ, ಹೊರೆ ಕಟ್ಟಲೂ ಬರುತ್ತದೆ. ಬ್ಲೇಡ್ ತಿರುಗುವುದು ಎಡಕ್ಕೆ, ಆದ್ದರಿಂದ ಬಲದಿಂದ ಎಡಕ್ಕೆ ಬೀಸಿದರೆ ಕೊಯ್ದ ಹುಲ್ಲು ಆಗಲೇ ಹೊಡೆದ ಜಾಗಕ್ಕೆ ಬೀಳುತ್ತದೆ.

ಬ್ಯಾಟರಿಯದನ್ನು ಮನೆಯ ಅಂಗಳದ ಅಂಚಿಗೆ, ಹೂವಿನ ಪಾತಿಯ ಸುತ್ತ ಬಳಸಿದ್ದೇವೆ. ಗಲಾಟೆ ಇಲ್ಲ, ಹೊಗೆ ಇಲ್ಲ, ಗುಂಡಿ ಒತ್ತಿದರೆ ಸಾಕು. ತೋಟಕ್ಕೆ ಒಯ್ದರೆ ಸಾಲು ಮುಗಿಯುವ ಮುಂಚೆ ಚಾರ್ಜ್ ಮುಗಿಯುತ್ತದೆ. ಮಳೆಗಾಲದಲ್ಲಿ ನಮ್ಮೂರಿನ ಕರೆಂಟ್ ನಂಬಿ ಬ್ಯಾಟರಿ ಕೆಲಸ ಇಟ್ಟುಕೊಳ್ಳುವ ಹಾಗೂ ಇಲ್ಲ. ಪೇಟೆಯಲ್ಲಿ ಮನೆ ಮುಂದೆ ಸಣ್ಣ ಹುಲ್ಲುಹಾಸು ಇರುವವರು ಕಣ್ಣು ಮುಚ್ಚಿ ಇದನ್ನು ತೆಗೆದುಕೊಳ್ಳಬಹುದು. ಹೋಂಸ್ಟೇಗಳವರು ಬಳಸುವ ನಾಲ್ಕು ಚಕ್ರದ ಲಾನ್ ಮೂವರ್ ಸಮತಟ್ಟಾದ ಹುಲ್ಲಿಗೆ ಮಾತ್ರ. ಸೋಗೆ, ಹಾಳೆ, ಕಲ್ಲು ಬಿದ್ದಿರುವ ತೋಟದಲ್ಲಿ ಅದನ್ನು ತಳ್ಳಲೂ ಆಗದು.

ತೋಟ ಒಂದು ಎಕರೆಗಿಂತ ಕಡಿಮೆಯಿದ್ದು ಮನೆಯಲ್ಲಿ ಹಿಡಿಯುವವರಿಲ್ಲದಿದ್ದರೆ ಮಿಷನ್ ಕೊಳ್ಳಲೇಬೇಡಿ ಎಂದು ನಾನು ಹೇಳುತ್ತೇನೆ. ಮಿಷನ್ ಸಮೇತ ಬಂದು ಹೊಡೆದುಕೊಡುವವರು ಈಗ ಊರೂರಲ್ಲಿ ಇದ್ದಾರೆ. ಕಳೆನಾಶಕದ ಮೋಹವಂತೂ ಬೇಡ. ಗ್ಲೈಫೋಸೇಟ್ ಬಳಕೆಯನ್ನು ಕೇಂದ್ರ ಸರ್ಕಾರವೇ 2022ರಲ್ಲಿ ನಿರ್ಬಂಧಿಸಿದೆ. ಅದಿರಲಿ, ಮಲೆನಾಡಿನ ಮಳೆಗೆ ಬರಿಮಣ್ಣು ನಿಲ್ಲುವುದಿಲ್ಲ. ಎರಡು ಮೂರು ಇಂಚು ಹುಲ್ಲು ಉಳಿಸಿ ಹೊಡೆದರೆ ಬೇರು ಮಣ್ಣು ಹಿಡಿದಿರುತ್ತದೆ, ಬಿದ್ದ ಹುಲ್ಲು ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ.

ಕೊಳ್ಳುವುದೇ ಸರಿ ಎಂದಾದರೆ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90ರವರೆಗೆ ಸಹಾಯಧನ ಇದೆ. ಎಫ್‌ಐಡಿ (ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಸಿಗುವ ಗುರುತಿನ) ನಂಬರ್ ಇರಬೇಕು. ಮಿಷನ್ ತಂದ ಮೇಲೆ ಅರ್ಜಿ ಹಾಕಲು ಹೋಗಬೇಡಿ. ಪಟ್ಟಿಯಲ್ಲಿರುವ ಮಾದರಿಗಳಲ್ಲಿ ನಿಮ್ಮ ಪೇಟೆಯಲ್ಲೇ ಬಿಡಿಭಾಗ ಸಿಗುವುದನ್ನು ಆರಿಸಿ. ಕಳೆ ಹೊಡೆಯುವ ಹದ ಇರುವುದೇ ಹದಿನೈದು ದಿನ. ಆಗ ಕಾರ್ಬ್ಯುರೇಟರ್‌ನ ಒಂದು ಡಯಾಫ್ರಮ್‌ಗಾಗಿ ಬೆಂಗಳೂರಿನ ಪಾರ್ಸಲ್ ಕಾಯುತ್ತಾ ಕೂತರೆ ಎಷ್ಟು ಒಳ್ಳೆಯ ಮಿಷನ್ ಆದರೂ ಒಂದೇ.

ಹಂಗಾಮು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ ಇಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ನೀರಿನ ಪಸೆ ಎಳೆದುಕೊಳ್ಳುತ್ತದೆ. ನಮ್ಮ ಕಡೆ ಮಿಷನ್ ಸ್ಟಾರ್ಟ್ ಆಗುವುದಿಲ್ಲ ಎಂದು ರಿಪೇರಿಗೆ ಬರುವವುಗಳಲ್ಲಿ ಬಹುಪಾಲು ಹಳೇ ಪೆಟ್ರೋಲಿನಿಂದ ಕಾರ್ಬ್ಯುರೇಟರ್ ಕಟ್ಟಿಕೊಂಡವೇ.

ಬಜೆಟ್ ಹಾಕುವಾಗ ಕಣ್ಣಿಗೆ ಕನ್ನಡಕ, ಕಿವಿಗೆ ಮಫ್, ಕಾಲಿಗೆ ಗಂಬೂಟು, ಮೊಣಕಾಲಿನ ಕೆಳಗೆ ಗಾರ್ಡ್, ಇವಿಷ್ಟನ್ನೂ ಮಿಷನ್‌ನ ಬೆಲೆಯಲ್ಲೇ ಸೇರಿಸಿ. ಸಣ್ಣ ಕಲ್ಲು ಸಿಡಿದರೆ ಕಣ್ಣೇ ಹೋಗಬಹುದು. ಅದಕ್ಕೇ ಹದಿನೈದು ಮೀಟರ್ ಒಳಗೆ ಬೇರೆ ಯಾರೂ ನಿಲ್ಲಬಾರದು, ಮಕ್ಕಳಂತೂ ಆ ಸಾಲಿನ ಹತ್ತಿರವೇ ಸುಳಿಯಬಾರದು. ಮಿಷನ್ ಹಿಡಿಯುವುದು ಹೆಚ್ಚಾಗಿ ಕೂಲಿಗೆ ಬರುವ ಹುಡುಗರು. ಅವರು ತಾವಾಗಿ ಇದನ್ನೆಲ್ಲ ಕೇಳುವುದಿಲ್ಲ, ಹಾಕಿಕೊಳ್ಳಲು ಸಂಕೋಚವನ್ನೂ ಪಡುತ್ತಾರೆ. ತೋಟದವರೇ ಕೊಡಿಸಿ, ಹಾಕಿಕೊಳ್ಳದೆ ಸ್ಟಾರ್ಟ್ ಮಾಡಬೇಡ ಎಂದು ಹೇಳಬೇಕು. ಗಂಟೆಗೊಮ್ಮೆ ಹತ್ತು ನಿಮಿಷ ಮಿಷನ್ ಕೆಳಗಿಡಿಸಿ, ಕೈಗೂ ವಿಶ್ರಾಂತಿ ಸಿಗಲಿ.