ಬಡಿದ ಕಬ್ಬಿಣವೋ ಬೀಡೋ: ಫ್ರಾನ್ಸಿನ ಹಳೆಯ ಅಗ್ಗಿಷ್ಟಿಕೆ ಸಾಮಾನುಗಳ ಹೋಲಿಕೆ

ಫ್ರಾನ್ಸಿನ ಲೊರೇನ್ ಸೀಮೆಯ ಹಳ್ಳಿಯೊಂದರಲ್ಲಿ ನಾವು ವಾಸವಾಗಿರುವ ಕಲ್ಲಿನ ಮನೆಯಲ್ಲಿ ದೊಡ್ಡದೊಂದು ಅಗ್ಗಿಷ್ಟಿಕೆಯಿದೆ. ಕಳೆದ ಮೂರು ಚಳಿಗಾಲಗಳಲ್ಲಿ ಅದರೊಳಗೆ ಎರಡು ಜೊತೆ ‘ಶನೆ’ಗಳನ್ನೂ, ಹಿಂಗೋಡೆಗೆ ಒರಗಿಸುವ ಎರಡು ಕಬ್ಬಿಣದ ಫಲಕಗಳನ್ನೂ ಬದಲಿಸಿ ಬದಲಿಸಿ ಬಳಸಿ ನೋಡಿದ್ದೇನೆ. ಶನೆಗಳೆಂದರೆ ಕೊರಡುಗಳ ಅಡಿಯಲ್ಲಿ ಗಾಳಿಯಾಡುವಂತೆ ಅವುಗಳನ್ನು ನೆಲದಿಂದ ಎತ್ತಿ ಹಿಡಿಯುವ ಜೋಡಿ ಆಸರೆಗಳು. ನಾಯಿ ಎಂಬ ಅರ್ಥದ ಫ್ರೆಂಚ್ ಶಬ್ದದಿಂದಲೇ ಅವಕ್ಕೆ ಈ ಹೆಸರು ಬಂದಿದೆ.

ಮೊದಲ ಜೊತೆ ಕುಲುಮೆಯಲ್ಲಿ ಕಾಸಿ ಬಡಿದು ಮಾಡಿದ್ದು. ದೀಪವನ್ನು ಓರೆಯಾಗಿ ಹಿಡಿದರೆ ತುದಿಯ ಸುರುಳಿಯ ಉದ್ದಕ್ಕೂ ಸುತ್ತಿಗೆಯ ಏಟುಗಳು ಒಂದೊಂದಾಗಿ ಕಾಣುತ್ತವೆ, ಮತ್ತು ಎಡಗಡೆಯ ಸುರುಳಿ ಬಲಗಡೆಯದಕ್ಕಿಂತ ತುಸು ಬಿಗಿಯಾಗಿದೆ. ಎರಡನೆಯದು 19ನೆಯ ಶತಮಾನದ ಬೀಡಿನ ಎರಕ; ಅದರ ಸಿಂಹಮುಖದ ಕೇಸರದ ಒಂದೊಂದು ಎಳೆಯೂ ಸ್ಪಷ್ಟವಾಗಿದ್ದು, ಅಂದದಲ್ಲಿ ಮೊದಲ ಜೊತೆಯನ್ನು ಸುಲಭವಾಗಿ ಮೀರಿಸುತ್ತದೆ. ಆದರೆ ಬೆಂಕಿಯ ಮುಂದೆ ಈ ಲೆಕ್ಕ ತಲೆಕೆಳಗಾಯಿತು. ಎರಡನೆಯ ಚಳಿಗಾಲದಲ್ಲಿ ಓಕ್ ಮರದ ಭಾರವಾದ ಕೊರಡೊಂದು ನನ್ನ ಕೈಜಾರಿ ಬಿದ್ದಾಗ, ಚೆನ್ನಾಗಿ ಕಾದಿದ್ದ ಒಂದು ಸಿಂಹದ ಕುತ್ತಿಗೆ ಬಿರುಕುಬಿಟ್ಟಿತು. ಕಾದ ಬೀಡಿನ ಕಾವಲಿಗೆ ತಣ್ಣೀರು ಸುರಿದು ಒಡೆದುಕೊಂಡವರಿಗೆ ಈ ಲೋಹದ ಸ್ವಭಾವವನ್ನು ವಿವರಿಸಬೇಕಾಗಿಲ್ಲ. ಬಡಿದ ಕಬ್ಬಿಣದ ಜೊತೆಯಲ್ಲಿ ಕೆಂಡದ ಮೇಲಿನ ಅಡ್ಡ ಸರಳು ಬಾಗಿದ್ದು ನಿಜ, ಆದರೆ ಕಮ್ಮಾರರು ಅದನ್ನು ಮತ್ತೆ ಕಾಸಿ ಅರ್ಧ ಗಂಟೆಯಲ್ಲಿ ನೇರ ಮಾಡಿಕೊಟ್ಟರು. ದಿನವೂ ಬೆಂಕಿ ಹಾಕುವವರು ಬಡಿದದ್ದನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕೊಳ್ಳುವ ಮುನ್ನ ಕಣ್ಣನ್ನು ಪಳಗಿಸಿಕೊಳ್ಳಲು ರುವಾನ್ ನಗರದ ಲ ಸೆಕ್ ದೆ ತೂರ್ನೆಲ್ ಸಂಗ್ರಹಾಲಯಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿದಿಲ್ಲ. ಹಳೆಯ ಚರ್ಚೊಂದರ ಒಳಗೆ ಕಬ್ಬಿಣದ ಕೆಲಸವೇ ತುಂಬಿಕೊಂಡಿದೆ.

ಫಲಕಗಳ ವಿಷಯ ಬೇರೆ, ಏಕೆಂದರೆ ಅಲ್ಲಿ ಬೀಡೇ ಸರಿಯಾದ ಲೋಹ. ಅದು ಕಾವನ್ನು ಹೀರಿಕೊಂಡು, ಬೆಂಕಿ ಆರಿದ ಮೇಲೂ ಹೊತ್ತು ಹೊತ್ತು ಕೋಣೆಗೆ ಬಿಟ್ಟುಕೊಡುತ್ತದೆ. ಲೊರೇನಿನ ಹಳೆಯ ಮನೆಗಳಲ್ಲಿ ಅಡುಗೆಮನೆಯ ಅಗ್ಗಿಷ್ಟಿಕೆಯ ಹಿಂಗೋಡೆಯನ್ನು ತೆರೆದು ಅಲ್ಲಿಯೇ ಫಲಕವನ್ನು ಕೂರಿಸಿ, ಒಂದೇ ಬೆಂಕಿಯಿಂದ ಪಕ್ಕದ ಕೋಣೆಯನ್ನೂ ಬೆಚ್ಚಗಿಡುತ್ತಿದ್ದರು. ನಾನು ಹೋಲಿಸಿದ ಎರಡು ಫಲಕಗಳಲ್ಲಿ ಒಂದು ಹಳೆಯದು, ಇನ್ನೊಂದು ಹಳೆಯದೆಂದೇ ಹೇಳಿ ನನಗೆ ಮಾರಿದ ಮರುಎರಕ. ಸುಮಾರು ಅರವತ್ತು ಸೆಂಟಿಮೀಟರಿನ ಚೌಕ, ಐವತ್ತು ಕಿಲೋದಷ್ಟು ತೂಕ. ಕಾವಿನಲ್ಲಿ ಎರಡರ ನಡುವೆ ಯಾವ ವ್ಯತ್ಯಾಸವನ್ನೂ ಕಾಣಲಿಲ್ಲ. ಹಳೆಯ ಫಲಕವನ್ನೇ ಅಚ್ಚಾಗಿ ಮರಳಿಗೊತ್ತಿ ಎರಕ ಹೊಯ್ದಾಗ ಕಬ್ಬಿಣವು ತಣಿಯುತ್ತ ನೂರಕ್ಕೆ ಒಂದರಷ್ಟು ಕುಗ್ಗುವುದರಿಂದ ಮರುಎರಕ ತುಸು ಚಿಕ್ಕದಾಗುತ್ತದೆ, ಅಂಚುಗಳು ಮೊಂಡಾಗುತ್ತವೆ. ಮರುಎರಕದಲ್ಲಿ ಫ್ರಾನ್ಸಿನ ರಾಜರ ಲಾಂಛನವಾದ ಮೂರು ಲಿಲ್ಲಿ ಹೂಗಳೂ ಇಡಿಯಾಗಿವೆ, ಆದರೆ ಸಾಬೂನಿನಲ್ಲಿ ಒತ್ತಿದಂತೆ ಊದಿಕೊಂಡಿವೆ.

ಹಳೆಯದರಲ್ಲಿ ಹೂಗಳೇ ಇಲ್ಲ. 1793ರಲ್ಲಿ ಕ್ರಾಂತಿಯ ಸರ್ಕಾರವು ರಾಜಚಿಹ್ನೆಗಳಿರುವ ಫಲಕಗಳನ್ನು ತಿರುಗಿಸಿಡುವಂತೆ ಆದೇಶಿಸಿದಾಗ ಕೆಲವರು ಮುಖವನ್ನು ಗೋಡೆಗೆ ತಿರುಗಿಸಿದರು, ಕೆಲವರು ಚಿಹ್ನೆಯನ್ನೇ ಕೆತ್ತಿ ತೆಗೆದರು. ನಮ್ಮ ಫಲಕದ ಗುರಾಣಿಯ ಮೇಲೆ ಬೆರಳಾಡಿಸಿದರೆ ಮೂರು ಕಡೆ ಉಳಿಯ ಒರಟು ಗೀರುಗಳು ಸಿಗುತ್ತವೆ. ಈ ಚಳಿಗಾಲ ಅಗ್ಗಿಷ್ಟಿಕೆಯಲ್ಲಿ ನಿಂತಿರುವುದು ಅದೇ ಫಲಕ.