ಎರಡು ಡಿಸ್ಕಿನ ನ್ಯಾಸ್, ಗದಗಿನ ಒಂದು ಪ್ರೆಸ್ಸು: ಬಹಳ ದಿನ ಬಳಸಿದ ಮೇಲೆ

ನ್ಯಾಸ್, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ನೆಟ್‌ವರ್ಕಿನಲ್ಲಿ ಹಂಚಿಕೊಂಡು ಫೈಲು ಇಡುವ ಡಿಸ್ಕಿನ ಪೆಟ್ಟಿಗೆ, ಕೊಳ್ಳಬಹುದು. ಆದರೆ ಪೆಟ್ಟಿಗೆಗೆ ಅಂತ ಎತ್ತಿಟ್ಟ ದುಡ್ಡಿನಲ್ಲೇ ಸ್ವಲ್ಪ ತೆಗೆದು ಮೊದಲು ನೆಟ್‌ವರ್ಕಿನ ವೈರು, ಸ್ವಿಚ್ಚು ಸರಿಮಾಡಿಕೊಳ್ಳಿ. ಪುರುಸೊತ್ತಿಲ್ಲದವರು ಇಷ್ಟು ಓದಿ ಬಿಟ್ಟರೂ ನಡೆಯುತ್ತದೆ.

ನಮ್ಮದು ಗದಗ-ಬೆಟಗೇರಿಯ ಒಂದು ಆಫ್‌ಸೆಟ್ ಪ್ರೆಸ್ಸು, ದೊಡ್ಡದೇನಲ್ಲ. ಲಗ್ನಪತ್ರಿಕೆ, ಕ್ಯಾಲೆಂಡರ್, ಡೈರಿ, ಸಾಲಿ ಗೈಡು, ಚುನಾವಣೆ ಬಂದರೆ ಕರಪತ್ರ. ಡಿಟಿಪಿ ಕಂಪ್ಯೂಟರ್‌ಗಳು ಮೇಲಿನ ಕೋಣೆಯಲ್ಲಿ, ಪ್ಲೇಟ್ ತೆಗೆಯುವ ಮಷಿನ್ನಿನ ಕಂಪ್ಯೂಟರು ಕೆಳಗೆ. ನ್ಯಾಸ್ ಬರುವ ಮುಂಚೆ ಫೈಲುಗಳು ಪೆನ್‌ಡ್ರೈವಿನಲ್ಲಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದವು. ಒಂದೇ ಕ್ಯಾಲೆಂಡರಿಗೆ 'ಫೈನಲ್', 'ಫೈನಲ್-2', 'ಖರೇ ಫೈನಲ್' ಅಂತ ಮೂರು ಫೈಲು, ಪ್ಲೇಟಿಗೆ ಹೋಗಿದ್ದು ಯಾವುದು ಅಂತ ಯಾರಿಗೂ ಗೊತ್ತಿಲ್ಲ. ಆ ಪೀಡೆ ಪೂರ್ತಿ ತಪ್ಪಿತು. ಇದೊಂದೇ ಕಾರಣಕ್ಕೆ ಹಾಕಿದ ದುಡ್ಡು ವಾಪಸ್ ಬಂತು ಅನ್ನುತ್ತೇನೆ.

ಬ್ರ್ಯಾಂಡ್ ಹೆಸರು ಬೇಕಂತಲೇ ಬರೆದಿಲ್ಲ. ಈ ದರದ ಎರಡು ಡಿಸ್ಕಿನ ಪೆಟ್ಟಿಗೆಗಳಲ್ಲಿ ಒಳಗಿನ ಸಾಮಾನು ಹೆಚ್ಚೂಕಡಿಮೆ ಒಂದೇ: ಸಣ್ಣ ಪ್ರೊಸೆಸರ್, ಸಣ್ಣ ರ್‍ಯಾಮ್, ಲಿನಕ್ಸ್, ವಿಂಡೋಸ್ ಜೊತೆ ಮಾತಾಡಲಿಕ್ಕೆ ಸಾಂಬಾ. ಈ ಸಾಂಬಾ 1992ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಹೊರತಂದ ತಂತ್ರಾಂಶ, ಇವತ್ತಿಗೂ ಪುಕ್ಕಟೆ. ಕಂಪನಿಗಳು ಅದರ ಮೇಲೆ ಚೆಂದದ ಪರದೆ ಹೊದಿಸಿ ಮಾರುತ್ತವೆ.

ಈಗ ನಿಧಾನದ ವಿಷಯ. 'ಸರ್ವರ್ ಭಾಳ ಸ್ಲೋ ಆಗೇತ್ರೀ' ಅನ್ನುವ ಮಾತು ನಮ್ಮಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತಿತ್ತು. ಹೇಳುವವರು ಬೇರೆ ಬೇರೆ, ತೊಂದರೆಯೂ ಬೇರೆ ಬೇರೆ, ಬೈಗುಳ ಮಾತ್ರ ಈ ಕರಿ ಪೆಟ್ಟಿಗೆಗೆ. ಕೆಳಗಿನ ಪ್ಲೇಟ್ ಕಂಪ್ಯೂಟರಿಗೆ ದೊಡ್ಡ ಪಿಡಿಎಫ್ ತೆರೆಯಲು ತಡ. ಮೇಲಿನವರಿಗೆ ಸಂಜೆ ಹೊತ್ತು ಸೇವ್ ಮಾಡಲು ತಡ. ಇನ್ನೊಬ್ಬರಿಗೆ ಫೋಲ್ಡರ್ ತೆರೆಯುವುದೇ ತಡ. ಮೂರಕ್ಕೂ ಒಂದೇ ಮದ್ದು ಹುಡುಕುತ್ತಾ ಕೂತರೆ ಸಿಗುವುದಿಲ್ಲ.

ಪ್ಲೇಟ್ ಕಂಪ್ಯೂಟರಿನ ಕಥೆ ಮೊದಲು, ಯಾಕೆಂದರೆ ಇದು ಬಹಳ ಕಡೆ ಇದ್ದೀತು. ಎಂಥ ಫೈಲು ಎಳೆದರೂ ಸೆಕೆಂಡಿಗೆ 11 ಎಂಬಿ, ಅದರ ಮೇಲೆ ಒಂದು ಚೂರೂ ಏರುವುದಿಲ್ಲ. ಹೀಗೆ ಒಂದೇ ಅಂಕಿಗೆ ಅಂಟಿಕೊಂಡರೆ ಅದು ಡಿಸ್ಕಿನ ತೊಂದರೆ ಅಲ್ಲ, ತಂತಿಯದು. ಗಿಗಾಬಿಟ್ (1000 ಮೆಗಾಬಿಟ್) ಲೈನಿನಲ್ಲಿ ಸೆಕೆಂಡಿಗೆ 110 ಎಂಬಿ ಆಸುಪಾಸು ಬರಬೇಕು. 11 ಅಂದರೆ ಲೈನು 100 ಮೆಗಾಬಿಟ್‌ಗೆ ಇಳಿದಿದೆ. ವಿಂಡೋಸಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ ನೋಡಿದರೆ ಅಲ್ಲೇ 100/100 ಅಂತ ಬರೆದಿತ್ತು. 1.2 ಜಿಬಿ ಕ್ಯಾಲೆಂಡರ್ ಫೈಲಿಗೆ ಹನ್ನೊಂದು ಸೆಕೆಂಡ್ ಆಗಬೇಕಾದಲ್ಲಿ ಸುಮಾರು ಎರಡು ನಿಮಿಷ.

ಕಾರಣ ನೆಟ್‌ವರ್ಕ್ ಕೇಬಲಿನ ತುದಿಯ ಪ್ಲಾಸ್ಟಿಕ್ ಪ್ಲಗ್ಗಿನಲ್ಲಿ, ಅಂದರೆ ಆರ್‌ಜೆ-45 ಪಿನ್ನಿನಲ್ಲಿತ್ತು. ಕ್ಯಾಟ್-5ಇ ಕೇಬಲಿನಲ್ಲಿ ನಾಲ್ಕು ಜೋಡಿ ತಂತಿ. ಗಿಗಾಬಿಟ್‌ಗೆ ನಾಲ್ಕೂ ಬೇಕು. 100 ಮೆಗಾಬಿಟ್‌ಗೆ ಎರಡೇ ಸಾಕು, ಕಿತ್ತಳೆ ಮತ್ತು ಹಸಿರು. ನೀಲಿ, ಕಂದು ಸುಮ್ಮನೆ ಕೂತಿರುತ್ತವೆ. ಬೆಳಕಿಗೆ ಹಿಡಿದು ನೋಡಿದಾಗ ಕಂದು ತಂತಿಯೊಂದು ಪ್ಲಾಸ್ಟಿಕ್ ತುದಿಯವರೆಗೆ ಮುಟ್ಟಿರಲೇ ಇಲ್ಲ, ಅರ್ಧ ದಾರಿಯಲ್ಲೇ ಮುದುಡಿಕೊಂಡಿತ್ತು. ಮಜಾ ಏನೆಂದರೆ, ನೀಲಿ, ಕಂದಿನಲ್ಲಿ ಒಂದು ಜೋಡಿ ಸತ್ತರೂ ಕಂಪ್ಯೂಟರ್ ಯಾವ ದೂರೂ ಹೇಳುವುದಿಲ್ಲ. ಗುಮ್ಮನಗುಸುಕನ ಹಾಗೆ ವೇಗ ಇಳಿಸಿಕೊಂಡು ಕೆಲಸ ಮುಂದುವರಿಸುತ್ತದೆ. ಪಿನ್ ಕತ್ತರಿಸಿ ಹೊಸದು ಒತ್ತಿದ ಕೂಡಲೇ 1000/1000. ಕ್ಯಾಮೆರಾ ಹಾಕುವವರ ಕೈಯಿಂದಲೇ ನೆಟ್‌ವರ್ಕ್ ಎಳೆಸುವ ರೂಢಿ ನಮ್ಮ ಕಡೆ ಇದೆ. ತಾಮ್ರದ ಲೇಪ ಇರುವ ಅಲ್ಯೂಮಿನಿಯಂ ಕೇಬಲನ್ನೇ ತಾಮ್ರದ್ದು ಅಂತ ಕೊಡುವವರೂ ಇದ್ದಾರೆ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಐಪರ್ಫ್3 ಅನ್ನುವ ಪುಕ್ಕಟೆ ತಂತ್ರಾಂಶವನ್ನು ಎರಡು ತುದಿಯ ಲ್ಯಾಪ್‌ಟಾಪ್‌ಗಳಲ್ಲಿ ಓಡಿಸಿದರೆ ಡಿಸ್ಕಿನ ಗೊಡವೆಯಿಲ್ಲದೆ ಬರೀ ಲೈನಿನ ವೇಗ ತಿಳಿಯುತ್ತದೆ. ವಾದ ಅಲ್ಲಿಗೆ ಮುಗಿಯುತ್ತದೆ.

ಸಂಜೆಯ ಸೇವ್ ತೊಂದರೆ ಇದಕ್ಕಿಂತ ಹಠಮಾರಿ. ಬೆಳಿಗ್ಗೆ ಚೆನ್ನಾಗಿಯೇ ಓಡುತ್ತದೆ. ನವೆಂಬರ್-ಡಿಸೆಂಬರಿನ ಕ್ಯಾಲೆಂಡರ್ ಹಂಗಾಮಿನಲ್ಲಿ ಮಧ್ಯಾಹ್ನದವರೆಗೆ ಒಂದೇ ಸಮನೆ ಫೈಲು ಸುರಿದರೆ, ಆಮೇಲೆ ಬರೆಯುವ ವೇಗ ಧಬಕ್ಕನೆ ಬಿದ್ದು ಸೆಕೆಂಡಿಗೆ ಕೆಲವೇ ಎಂಬಿಗೆ ನಿಲ್ಲುತ್ತದೆ. ಓದುವುದು ಅಷ್ಟಾಗಿ ಕೆಡುವುದಿಲ್ಲ, ಬರೆಯುವುದು ಮಾತ್ರ. ಪೆಟ್ಟಿಗೆಯ ಮಾನಿಟರ್ ಪುಟದಲ್ಲಿ ಪ್ರೊಸೆಸರ್ ಖಾಲಿ ಕೂತಿದ್ದರೂ ಐ/ಓ ವೇಟ್ ಮಾತ್ರ ಮೇಲೇರಿರುತ್ತದೆ, ಅಂದರೆ ಎಲ್ಲರೂ ಡಿಸ್ಕಿಗಾಗಿ ಕಾಯುತ್ತಿದ್ದಾರೆ.

ಅಂಗಡಿಯವರು ಹಾಕಿಕೊಟ್ಟ ಡಿಸ್ಕುಗಳು ಎಸ್‌ಎಂಆರ್ ಜಾತಿಯವು. ಜಾಗ ಉಳಿಸಲಿಕ್ಕೆ ಈ ಡಿಸ್ಕಿನಲ್ಲಿ ಮಾಹಿತಿ ಬರೆಯುವ ಪಟ್ಟಿಗಳನ್ನು ಮಂಗಳೂರು ಹೆಂಚಿನ ಹಾಗೆ ಒಂದರ ಮೇಲೊಂದು ಸ್ವಲ್ಪ ಸರಿಸಿ ಹೊದಿಸಿರುತ್ತಾರೆ. ನಡುವಿನ ಒಂದು ಬದಲಿಸಬೇಕಾದರೆ ಅದರ ಪಕ್ಕದವನ್ನೂ ಎಬ್ಬಿಸಬೇಕು. ಇದು ಹೊರಗೆ ತಿಳಿಯದಿರಲಿ ಅಂತ ಡಿಸ್ಕಿನಲ್ಲೇ ಒಂದು ತಾತ್ಕಾಲಿಕ ಜಾಗ ಇರುತ್ತದೆ, ಬಂದದ್ದನ್ನು ಅಲ್ಲಿ ಇಟ್ಟುಕೊಂಡು ಬಿಡುವಾದಾಗ ಸರಿಯಾದ ಕಡೆ ಜೋಡಿಸುತ್ತದೆ. ಬಿಡುವೇ ಕೊಡದಿದ್ದರೆ ಆ ಜಾಗ ತುಂಬಿ ಇಡೀ ಪ್ರೆಸ್ಸು ಕಾಯುತ್ತದೆ. ನ್ಯಾಸ್‌ಗೆಂದೇ ಮಾರಿದ ಕೆಲವು ಡಿಸ್ಕುಗಳೂ ಹೇಳದೆ ಕೇಳದೆ ಎಸ್‌ಎಂಆರ್ ಆಗಿದ್ದವು ಅಂತ 2020ರಲ್ಲಿ ದೊಡ್ಡ ರಂಪವಾಯಿತು. ಆ ಮೇಲೆ ತಯಾರಕರು ಯಾವ ಮಾದರಿ ಯಾವ ಜಾತಿ ಅಂತ ಪಟ್ಟಿ ಪ್ರಕಟಿಸಿದ್ದಾರೆ. ಕೊಳ್ಳುವ ಮುಂಚೆ ಮಾದರಿ ಸಂಖ್ಯೆಯನ್ನು ಆ ಪಟ್ಟಿಯಲ್ಲಿ ನೋಡಿ, ಸಿಎಂಆರ್ (ಪಟ್ಟಿಗಳು ಒಂದರ ಮೇಲೊಂದು ಬೀಳದ ಜಾತಿ) ಅಂತ ಇದ್ದರೆ ಮಾತ್ರ ತನ್ನಿ. ಒಂದೊಂದೇ ಬದಲಿಸಿದೆವು, ಎರಡೂ ಡಿಸ್ಕಿನಲ್ಲಿ ಒಂದೇ ಪ್ರತಿ ಇಡುವ ರೇಡ್-1 ಇರುವುದರಿಂದ ಕೆಲಸ ನಿಲ್ಲಲಿಲ್ಲ, ಕನ್ನಡಿ ಪ್ರತಿ ಹೊಸ ಡಿಸ್ಕಿಗೆ ಮೂಡುವವರೆಗೆ ತಾಳ್ಮೆ ಬೇಕು ಅಷ್ಟೇ. ಇದೇ ಪೆಟ್ಟಿಗೆಗೆ ಸಿಸಿ ಕ್ಯಾಮೆರಾ ರೆಕಾರ್ಡಿಂಗೂ ಹಚ್ಚಿದ್ದರು. ಹಗಲು ರಾತ್ರಿ ಬರೆಯುವ ಅದನ್ನು ಬೇರೆ ಡಿವಿಆರ್‌ಗೆ ಸಾಗಹಾಕಿದ ಮೇಲೆ ಡಿಸ್ಕಿನ ಕರಕರ ಸದ್ದೂ ಕಡಿಮೆಯಾಯಿತು.

ಫೋಲ್ಡರ್ ತೆರೆಯಲು ತಡವಾಗುವುದಕ್ಕೆ ಪೆಟ್ಟಿಗೆಯನ್ನು ಬೈದು ಫಲವಿಲ್ಲ. ಲಗ್ನಪತ್ರಿಕೆಯ ಗಣಪತಿ, ಕಳಸ, ಬಳ್ಳಿ, ಅಂಚು ಎಲ್ಲ ಸೇರಿ ಸಾವಿರಾರು ಸಣ್ಣ ಫೈಲು ಒಂದೇ ಫೋಲ್ಡರಿನಲ್ಲಿ. ಒಂದು ಜಿಬಿಯ ಒಂದೇ ಫೈಲು ಸರಾಗವಾಗಿ ಬರುತ್ತದೆ. ಅದೇ ಒಂದು ಜಿಬಿಯನ್ನು ಚೂರು ಚೂರು ಮಾಡಿಟ್ಟರೆ ಪ್ರತಿ ಚೂರಿಗೂ ತೆರೆ, ವಿವರ ಕೊಡು, ಓದು, ಮುಚ್ಚು ಅಂತ ಹೋಗಿಬಂದು ಮಾತುಕತೆ ಆಗಬೇಕು. ಮೇಲಿಂದ ವಿಂಡೋಸ್ ಪ್ರತಿಯೊಂದಕ್ಕೂ ಸಣ್ಣ ಚಿತ್ರ ಬಿಡಿಸಲು ಕೂರುತ್ತದೆ, ಆಂಟಿವೈರಸ್ ಪ್ರತಿಯೊಂದನ್ನೂ ಮೂಸಿ ನೋಡುತ್ತದೆ. ದೇವರಿಗೊಂದು, ಅಂಚಿಗೊಂದು ಅಂತ ಫೋಲ್ಡರ್ ಒಡೆದು, ನೋಟವನ್ನು ಡೀಟೇಲ್ಸ್‌ಗೆ ಇಟ್ಟೆವು. ಚಿತ್ರ ಕಾಣದೆ ಹೇಗೆ ಆರಿಸುವುದು ಅಂತ ಹುಡುಗರು ಗೊಣಗಿದರು, ಅವರ ಮಾತಿನಲ್ಲೂ ನ್ಯಾಯವಿದೆ. ಕೊನೆಗೆ ನಮೂನೆಗಳ ಒಂದು ಪಿಡಿಎಫ್ ಮಾಡಿ ಗೋಡೆಗೆ ಅಂಟಿಸಿದ್ದಾರೆ.

ಹಳೆ ಪೇಜ್‌ಮೇಕರ್ (ಪುಟ ಜೋಡಿಸುವ ತಂತ್ರಾಂಶ) ಫೈಲುಗಳಿಗೆ ಅಂತ ಒಂದು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರು ಇನ್ನೂ ಉಸಿರಾಡುತ್ತಿದೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿತು, ಅದು ಆಡುವುದು ಫೈಲು ಹಂಚಿಕೆಯ ಹಳೆ ಭಾಷೆಯಾದ ಎಸ್‌ಎಂಬಿ-1 ಮಾತ್ರ. ಅದೊಂದಕ್ಕಾಗಿ ಪೆಟ್ಟಿಗೆಯಲ್ಲಿ ಎಸ್‌ಎಂಬಿ-1 ತೆರೆದಿಡಬೇಡಿ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ ಹಬ್ಬಿದ್ದು ಅದೇ ಬಾಗಿಲಿನಿಂದ. ಆ ಎಕ್ಸ್‌ಪಿ ಕಂಪ್ಯೂಟರಿಗೆ ಇವತ್ತಿಗೂ ಪೆನ್‌ಡ್ರೈವೇ. ಇನ್ನೊಂದು ತುದಿಯಲ್ಲಿ, ವಿಂಡೋಸ್ 11 ಪ್ರೊ 24ಎಚ್2ಗೆ ಬಂದ ಕಂಪ್ಯೂಟರು ಪಾಸ್‌ವರ್ಡ್ ಇಲ್ಲದ ಗೆಸ್ಟ್ ಲಾಗಿನ್ ಒಪ್ಪುವುದಿಲ್ಲ, ಹೋಗಿಬರುವ ಪ್ರತಿ ಡೇಟಾ ಪೊಟ್ಟಣಕ್ಕೂ ಡಿಜಿಟಲ್ ಸಹಿ ಕೇಳುತ್ತದೆ. ಸಣ್ಣ ಪ್ರೊಸೆಸರಿಗೆ ಈ ಸಹಿ ಭಾರವೇ, ವೇಗ ಸ್ವಲ್ಪ ಇಳಿಯಿತು. ಸಹಿ ಆಫ್ ಮಾಡುವ ದಾರಿ ಇದೆ, ನಾನು ಮಾಡಿಲ್ಲ. ಪ್ರತಿಯೊಬ್ಬರಿಗೂ ಹೆಸರು, ಪಾಸ್‌ವರ್ಡ್ ಮಾಡಿಕೊಟ್ಟೆ. ಯಾರು ಯಾವ ಫೈಲು ಅಳಿಸಿದರು ಅನ್ನುವುದೂ ಈಗ ತಿಳಿಯುತ್ತದೆ.

ಪೆಟ್ಟಿಗೆಯದೇ ದೋಷಗಳೂ ಇವೆ. ಫೋಟೊ ಗುರುತಿಸುವುದು, ಹುಡುಕಾಟದ ಸೂಚಿ ಕಟ್ಟುವುದು ಇವೆಲ್ಲ ಮೊದಲ ದಿನದಿಂದಲೇ ಚಾಲೂ ಇರುತ್ತವೆ. ಪ್ರೆಸ್ಸಿಗೆ ಇವು ಯಾತಕ್ಕೂ ಬೇಡ, ಬಂದ ದಿನವೇ ಆಫ್ ಮಾಡಿ. ರ್‍ಯಾಮ್ ಬೋರ್ಡಿಗೇ ಬೆಸೆದದ್ದು, ಏರಿಸುವಂತಿಲ್ಲ. ಕರೆಂಟು ಹೋಗಿ ಧಿಡೀರ್ ಆರಿದರೆ ಮರುದಿನ ಎರಡೂ ಡಿಸ್ಕು ತಾಳೆ ನೋಡುತ್ತಾ ಅರ್ಧ ದಿನ ಕುಂಟುತ್ತದೆ. ಯುಎಸ್‌ಬಿ ತಂತಿ ಇರುವ ಯುಪಿಎಸ್ ಇದ್ದರೆ ತಾನೇ ನೀಟಾಗಿ ಮಲಗುತ್ತದೆ. ತಿಂಗಳ ಡಿಸ್ಕ್ ತಪಾಸಣೆಯನ್ನು ಭಾನುವಾರಕ್ಕೆ ತಳ್ಳಿ. ನನ್ನ ದೊಡ್ಡ ತಕರಾರು ಬೇರೆಯೇ: ಲಿಂಕ್ ಇಳಿದದ್ದು, ಡಿಸ್ಕ್ ತುಂಬಿ ಕಾಯುತ್ತಿರುವುದು, ಎಲ್ಲ ಅದರ ಹೊಟ್ಟೆಯೊಳಗೆ ದಾಖಲಾಗಿಯೇ ಇರುತ್ತದೆ. ಹಾಗಿದ್ದೂ ಮುಖಪುಟದಲ್ಲಿ ಹಸಿರು ದೀಪ, 'ಎಲ್ಲ ಸರಿಯಾಗಿದೆ' ಅಂತ ಒಂದು ಸಾಲು. ಒಂದು ಎಚ್ಚರಿಕೆ ತೋರಿಸಿದ್ದರೆ ಎಷ್ಟೋ ಜಗಳ ಉಳಿಯುತ್ತಿತ್ತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಎರಡು ಮೂರು ಕಂಪ್ಯೂಟರಿನ ಡಿಟಿಪಿ ಅಂಗಡಿಗೆ ಇದೇ ಸಾಕು. ನಮ್ಮಂಥ ಪ್ರೆಸ್ಸು ಇವತ್ತು ಹೊಸದು ಕೊಳ್ಳುವುದಾದರೆ 2.5 ಗಿಗಾಬಿಟ್ ಪೋರ್ಟು, ಬದಲಿಸಬಹುದಾದ ರ್‍ಯಾಮ್, ನಾಲ್ಕು ಡಿಸ್ಕಿನ ಜಾಗ ಇರುವುದನ್ನು ನೋಡಲಿ. ಎರಡು ಡಿಸ್ಕಿನಲ್ಲಿ ಒಂದೇ ಪ್ರತಿ ಇದೆ ಅಂತ ಬ್ಯಾಕಪ್ ಬಿಡುವ ಹಾಗಿಲ್ಲ, ಒಬ್ಬರು ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ನಮ್ಮಲ್ಲಿ ಶನಿವಾರ ಸಂಜೆ ಒಂದು ಹೊರಗಿನ ಡಿಸ್ಕಿಗೆ ನಕಲು ಹೋಗುತ್ತದೆ, ಡಿಸ್ಕು ಮಾಲೀಕರ ಮನೆಗೆ ಹೋಗುತ್ತದೆ.